ರೋಗಿ ನೋಡಲು ಕಲಿತ ಮಾವ

ಹೋದ ವರ್ಷ ಶಾಲೆಗಳು ಶುರುವಾಗುವ ಹೊತ್ತಿನವರೆಗೂ ನಮ್ಮ ಬಳಗದಲ್ಲಿ ಎಲ್ಲರೂ ಆರೋಗ್ಯವಾಗಿಯೇ ಇದ್ದೆವು. ಮುದುಕರು ಎರಡು ಹೊತ್ತು ಮುದ್ದೆ ಉಣ್ಣುತ್ತಿದ್ದರು, ನಡುವಯಸ್ಸಿನವರು ಉಂಡ ಮೇಲೆ ಗೊರಕೆ ಹೊಡೆಯುತ್ತಿದ್ದರು, ಮಕ್ಕಳು ಪಡಸಾಲೆಯಲ್ಲಿ ಚೆಂಡಾಟ ಆಡಿ ಬೈಸಿಕೊಳ್ಳುತ್ತಿದ್ದರು. ಆಮೇಲೆ ಮೂರೇ ತಿಂಗಳಲ್ಲಿ ನೋಡಿ, ಒಬ್ಬರಿಗೆ ರಕ್ತ ಕಡಿಮೆ, ಇನ್ನೊಬ್ಬರಿಗೆ ಬಿಪಿ ಜಾಸ್ತಿ, ಮತ್ತೊಬ್ಬರ ಪಾದದಲ್ಲಿ ಬಾವು, ನನ್ನ ಉಸಿರು ನಿಮಿಷಕ್ಕೆ ಇಪ್ಪತ್ತೆರಡು! ಊರಿಗೆ ಯಾವ ಮಾರಿ ಬಂತು ಅಂತೀರಾ? ಯಾವ ಮಾರಿಯೂ ಬರಲಿಲ್ಲ. ನಮ್ಮ ಮಾವ ರೋಗಿಯನ್ನು ಪರೀಕ್ಷಿಸುವುದು ಹೇಗೆಂದು ಕಲಿಯಲು ಸೇರಿಕೊಂಡರು. ಆದದ್ದು ಅಷ್ಟೇ.

ಈ ಮಾವ ನನ್ನ ತಾಯಿಯ ತಮ್ಮ. ಮೂವತ್ತನಾಲ್ಕು ವರ್ಷ ಹಿರಿಯೂರು ತಾಲ್ಲೂಕಿನ ಹಳ್ಳಿಗಳ ದನದ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದವರು. ಕಾಗದದ ಮೇಲೆ ಇವರು ಡಾಕ್ಟರ ಸಹಾಯಕ. ಆದರೆ ಹಳ್ಳಿಯವರು ಕಾಗದ ಓದಿಕೊಂಡು ದನ ಹೊಡೆದುಕೊಂಡು ಬರುತ್ತಾರೆಯೇ? ಅವರಿಗೆ ಇವರೇ 'ದನದ ಡಾಕ್ಟ್ರು'. ಎಮ್ಮೆಯ ಕಿವಿ ಮುಟ್ಟಿ ಜ್ವರ ಹೇಳುತ್ತಿದ್ದರು. ಹಸು ಮೆಲುಕು ಹಾಕುವುದನ್ನು ಬೇಲಿಯ ಆಚೆಯಿಂದ ನೋಡಿ ಹೊಟ್ಟೆಯೊಳಗಿನ ಸಮಾಚಾರ ಹೇಳುತ್ತಿದ್ದರು. ತಮ್ಮ ಕೆಲಸದ ಬಗ್ಗೆ ಅವರಿಗೆ ಎಷ್ಟು ಹೆಮ್ಮೆಯೆಂದರೆ, ಮನುಷ್ಯರ ಡಾಕ್ಟರುಗಳನ್ನು ಕಂಡರೆ ಅಯ್ಯೋ ಪಾಪ ಅನ್ನುತ್ತಿದ್ದರು.

"ನೋಡವ್ವ, ಮೂವತ್ನಾಲ್ಕು ವರ್ಷದಾಗೆ ನನ್ ಹತ್ರ ಬಂದ ಪೇಷಂಟು ಒಂದಾದ್ರೂ ಸುಳ್ಳು ಹೇಳೈತಾ? ಮನುಷ್ಯರನ್ನ ನೋಡೋ ಡಾಕ್ಟ್ರಿಗೆ ಆ ಪುಣ್ಯ ಎಲ್ಲೈತೆ?"

ನಿವೃತ್ತಿಯಾಗಿ ಹೊಸದುರ್ಗಕ್ಕೆ ಬಂದು, ನಮ್ಮ ಹಿಂದಿನ ಬೀದಿಯಲ್ಲಿ ನೆಲೆಸಿದ ಮೇಲೆ ಅವರ ಕೈಗೆ ಮುಟ್ಟಿ ನೋಡಲು ಏನೂ ಸಿಗದೆ ಹೋಯಿತು. ಒಂದೆರಡು ತಿಂಗಳು ಬೀದಿನಾಯಿಗಳ ಹಲ್ಲು ನೋಡಿದರು. ಆಮೇಲೆ ನಾಯಿಗಳೇ ಬೀದಿ ಬದಲಾಯಿಸಿದವು. ಮಗ ಹೊಳಲ್ಕೆರೆಯಲ್ಲಿ ಲೈನ್‌ಮನ್, ಹೆಂಡತಿ ಮಕ್ಕಳನ್ನು ಕರೆದುಕೊಂಡು ಭಾನುವಾರ ಬಂದು ಹೋಗುತ್ತಾನೆ. ವಾರದ ಉಳಿದ ದಿನಗಳಲ್ಲಿ ಮನೆಯಲ್ಲಿ ಮಾವ ಮತ್ತು ಅತ್ತೆ ಇಬ್ಬರೇ. ಅತ್ತೆ ಬಾಯಿ ಜೋರಿನ ಹೆಂಗಸು ಎಂದು ಬಳಗದಲ್ಲಿ ಹೆಸರು. ನನಗೇನೋ ಆ ಬಾಯಿ ಇಲ್ಲದಿದ್ದರೆ ಆ ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ ಅನ್ನಿಸುತ್ತದೆ. ಮಾವ ದನಗಳ ಜೊತೆ ಮಾತಾಡಿದಷ್ಟು ಮನೆಯಲ್ಲಿ ಮಾತಾಡಿದವರಲ್ಲ.

ಹೀಗಿರುವಾಗ ಬಸ್ ಸ್ಟ್ಯಾಂಡಿನ ಹೋಟೆಲಿನ ಗೋಡೆಗೆ ಅಂಟಿಸಿದ್ದ ಒಂದು ಕಾಗದ ಅವರ ಕಣ್ಣಿಗೆ ಬಿತ್ತು. ಮನೆಗಳಿಗೆ ಹೋಗಿ ರೋಗಿಗಳ, ವಯಸ್ಸಾದವರ ಆರೈಕೆ ಮಾಡುವವರಿಗೆ ಒಂದು ಸೇವಾಸಂಸ್ಥೆ ಮೂರು ತಿಂಗಳ ತರಬೇತಿ ಕೊಡುತ್ತದಂತೆ. ಹದಿನೆಂಟು ವರ್ಷ ತುಂಬಿರಬೇಕಂತೆ. ಮಾವ ಕಾಫಿಯನ್ನು ಅರ್ಧಕ್ಕೇ ಬಿಟ್ಟು ನೇರ ಅಲ್ಲಿಗೆ ಹೋದರು.

ಅರ್ಜಿ ಕೊಡುವ ಹುಡುಗಿ ಕೇಳಿದಳಂತೆ, "ಯಾರಿಗೆ ಸಾರ್? ಮಗಳಿಗಾ, ಮೊಮ್ಮಗಳಿಗಾ?"

"ನನಗೇ ತಾಯಿ."

"ಸಾರ್, ಇದು ಹದಿನೆಂಟು ವರ್ಷದೋರಿಗೆ…"

"ಹದಿನೆಂಟು ತುಂಬಿರ್ಬೇಕು ಅಂತ ತಾನೇ ಬರ್ದಿರೋದು? ನಂಗೆ ತುಂಬಿ ನಲವತ್ಮೂರು ವರ್ಷ ಆಯ್ತು. ಇನ್ನೆಷ್ಟು ತುಂಬ್ಬೇಕು?"

ಆ ಹುಡುಗಿ ಅರ್ಜಿಯನ್ನು ಮುಂದಕ್ಕೆ ತಳ್ಳಿದಳು. ಹದಿನೇಳು ಹುಡುಗಿಯರ ಜೊತೆ ನಮ್ಮ ಮಾವ ಹದಿನೆಂಟನೆಯವರಾಗಿ ಬೆಂಚಿನ ಮೇಲೆ ಕುಳಿತರು. ಆ ಹದಿನೇಳರಲ್ಲಿ ಇಬ್ಬರು ನಮ್ಮ ಹೈಸ್ಕೂಲಿನಲ್ಲಿ ನನ್ನ ಕೈಯಲ್ಲೇ ಕನ್ನಡ ಕಲಿತವರು. ಹಾಗಾಗಿ ಮಾವನ ತರಗತಿಯ ವರದಿ ಪ್ರತಿದಿನ ಸಂಜೆಯೊಳಗೆ ನನಗೆ ತಲುಪುತ್ತಿತ್ತು. ಅವರು ನಗುನಗುತ್ತಾ ಹೇಳಿದ್ದನ್ನು ನಿಮಗೆ ಹೇಳುತ್ತೇನೆ.

ಪಾಠ ಮಾಡುತ್ತಿದ್ದವರು ದೊಡ್ಡಾಸ್ಪತ್ರೆಯಲ್ಲಿ ಎಷ್ಟೋ ವರ್ಷ ವಾರ್ಡುಗಳನ್ನು ಆಳಿ ಬಂದಿದ್ದ ಒಬ್ಬ ಹಿರಿಯ ನರ್ಸು. ಎಲ್ಲರೂ ಅವರನ್ನು ಸಿಸ್ಟರ್ ಅನ್ನುತ್ತಿದ್ದರು. ಮೊದಲ ದಿನ ಅವರು ಒಬ್ಬ ಹುಡುಗಿಯನ್ನು ಮಂಚದ ಮೇಲೆ ಮಲಗಿಸಿ, "ಅಂಕಲ್, ಇವರು ನಿಮ್ಮ ರೋಗಿ. ಹತ್ರ ಹೋಗಿ," ಎಂದರು. ಮಾವ ಎದುರಿನಿಂದ ಹೋಗಲಿಲ್ಲ. ಮಂಚಕ್ಕೆ ದೂರದಿಂದ ಒಂದು ಸುತ್ತು ಹಾಕಿ, ಪಕ್ಕದಿಂದ ಮೆಲ್ಲಗೆ ಸರಿದು, ಹುಡುಗಿಯ ಭುಜ ತಟ್ಟುತ್ತಾ "ಹೋ… ಹೋ… ಹೋ…" ಅಂದರಂತೆ.

"ಅಂಕಲ್," ಎಂದರು ಸಿಸ್ಟರ್, "ಇವರು ಒದೆಯಲ್ಲ."

ಎರಡನೆಯ ವಾರ ಥರ್ಮಾಮೀಟರ್ ಬಂತು. ಅದನ್ನು ಮಾವನ ಕೈಗೆ ಕೊಟ್ಟು, ಇಡುವುದು ಎಲ್ಲಿ ಎಂದು ಹೇಳುವ ಮೊದಲೇ ಸಿಸ್ಟರಿಗೆ ಯಾವುದೋ ಫೋನು ಬಂತು. ಅವರು ಆ ಕಡೆ ತಿರುಗಿದರು. ಮಾವನಿಗೆ ಹೇಳಿಕೊಡಬೇಕೇ? ಮೂವತ್ತನಾಲ್ಕು ವರ್ಷದ ಅನುಭವ! ಥರ್ಮಾಮೀಟರನ್ನು ಎರಡು ಸಲ ಒದರಿ, ತುದಿಗೆ ಸ್ವಲ್ಪ ಎಣ್ಣೆ ಇದೆಯೇ ಎಂದು ಕೇಳಿ, ರೋಗಿಯ ಹಿಂಬದಿಗೆ ನಡೆದರು. ಹದಿನೇಳು ಹುಡುಗಿಯರೂ ಒಟ್ಟಿಗೆ ಕಿರುಚಿದ ಸದ್ದಿಗೆ ಪಕ್ಕದ ತೆಂಗಿನಕಾಯಿ ಮಂಡಿಯಿಂದ ಹಮಾಲರು ಓಡಿಬಂದರಂತೆ.

ಸರಿ, ಬಗಲಲ್ಲಿ ಇಡಬೇಕು ಎಂದು ತಿಳಿಯಿತು. ಆ ಸಂಜೆ ಮನೆಗೆ ಬಂದವರೇ ಅತ್ತೆಯ ಬಗಲಲ್ಲಿ ಇಟ್ಟು ನೋಡಿದರು. ತೊಂಬತ್ತೆಂಟು! ದನಗಳಿಗೆ ಆರೋಗ್ಯವಾಗಿದ್ದಾಗಲೇ ನೂರಾ ಒಂದರ ಮೇಲಿರುತ್ತದಂತೆ. ಮಾವನ ಮುಖ ಬಿಳಿಚಿಕೊಂಡಿತು. ನನಗೆ ಫೋನು ಮಾಡಿ, "ಲೇ ತಾಯಿ, ಬೇಗ ಬಾ, ನಿಮ್ಮತ್ತೆ ತಣ್ಣಗಾಗ್ತಾ ಅವ್ಳೆ!" ಎಂದರು. ನಾನು ಎದ್ದೆನೋ ಬಿದ್ದೆನೋ ಅಂತ ಓಡಿದೆ. ಹೋಗಿ ನೋಡಿದರೆ ತಣ್ಣಗಾಗುತ್ತಿದ್ದ ಅತ್ತೆ ಒಲೆಯ ಮುಂದೆ ನಿಂತು ರೊಟ್ಟಿ ತಟ್ಟುತ್ತಿದ್ದಾರೆ, ಮಾವ ಕಂಬಳಿ ಹಿಡಿದುಕೊಂಡು ಅವರ ಬೆನ್ನ ಹಿಂದೆಯೇ ಸುತ್ತುತ್ತಿದ್ದಾರೆ!

"ನೋಡು ನಿಮ್ಮ ಮಾವನ್ನ," ಎಂದರು ಅತ್ತೆ. "ಮದುವೆ ಆದಾಗಿಂದ ಇವತ್ತೇ ನನ್ನ ಹಿಂದೆ ಹಿಂಗೆ ಓಡಾಡ್ತಿರೋದು. ಜ್ವರಾನಾದ್ರೂ ಬಂದಿದ್ರೆ ಆಗೋದು!"

ಎಲ್ಲಕ್ಕಿಂತ ಅಪಾಯದ ಪಾಠವೆಂದರೆ ಉಸಿರು ಎಣಿಸುವುದು. ಉಸಿರು ಎಣಿಸುತ್ತಿದ್ದೇವೆ ಎಂದು ರೋಗಿಗೆ ಗೊತ್ತಾಗಬಾರದಂತೆ. ಗೊತ್ತಾದರೆ ಉಸಿರಾಟವೇ ಬದಲಾಗುತ್ತದಂತೆ. "ಗೊತ್ತಾಗದ ಹಾಗೆ ಎದೆ ಏರಿಳಿಯೋದನ್ನ ಒಂದು ನಿಮಿಷ ನೋಡ್ಬೇಕು," ಎಂದು ಸಿಸ್ಟರ್ ಹೇಳಿಕೊಟ್ಟರು. ಹೇಳಿಕೊಟ್ಟಿದ್ದು ರೋಗಿಗಳ ವಿಷಯ. ಮಾವ ಅದನ್ನು ಚಿತ್ರದುರ್ಗದ ಬಸ್ಸಿನಲ್ಲಿ ಅಭ್ಯಾಸ ಮಾಡಿದರು.

ಅವತ್ತು ನಾನೂ ಜೊತೆಗಿದ್ದೆ. ಎದುರು ಸೀಟಿನಲ್ಲಿ ದಪ್ಪ ಮೀಸೆಯ, ಅದಕ್ಕೆ ತಕ್ಕ ಹೊಟ್ಟೆಯ ಒಬ್ಬ ಯಜಮಾನರು. ಮಾವ ಗಡಿಯಾರ ಹಿಡಿದುಕೊಂಡು ಅವರ ಹೊಟ್ಟೆಯನ್ನೇ ನೋಡುತ್ತಿದ್ದಾರೆ. ರೆಪ್ಪೆ ಮಿಟುಕಿಸುವುದಿಲ್ಲ. ಯಜಮಾನರು ಅಂಗಿ ಎಳೆದುಕೊಂಡರು. ಟವಲು ಮುಚ್ಚಿಕೊಂಡರು. ಕೊನೆಗೆ ಸಿಡಿದೆದ್ದರು.

"ಏನ್ರೀ ಅದು, ಆವಾಗ್ಲಿಂದ ನೋಡ್ತಾ ಇದ್ದೀನಿ, ಏನ್ ಹಂಗ್ ನೋಡ್ತೀರಿ?"

"ಹದಿನೆಂಟು," ಎಂದರು ಮಾವ.

"ಏನ್ ಹದಿನೆಂಟು?"

"ನಾರ್ಮಲ್ ಐತೆ. ಆದ್ರೆ ಈಗ ಸಿಟ್ಟು ಬಂತು ನೋಡ್ರಿ, ಜಾಸ್ತಿ ಆಗ್ತೈತೆ. ಸ್ವಲ್ಪ ಸುಮ್ಕಿರ್ರಿ, ಇನ್ನೊಂದ್ ಸಲ ಎಣಿಸ್ತೀನಿ."

ನಾವು ಹೊಳಲ್ಕೆರೆಯಲ್ಲೇ ಇಳಿದು ಮುಂದಿನ ಬಸ್ಸು ಹಿಡಿದೆವು.

ತರಬೇತಿಯ ನಡುವೆ ಒಂದು ದಿನ ಸಿಸ್ಟರ್ ಎಲ್ಲರನ್ನೂ ಯಲ್ಲದಕೆರೆಗೆ ಕರೆದುಕೊಂಡು ಹೋದರು. ಅಲ್ಲಿ ಶಾಲೆಯ ಜಗುಲಿಯ ಮೇಲೆ ಮೇಜು ಹಾಕಿ, ಊರಿನ ವಯಸ್ಸಾದವರ ಬಿಪಿ ನೋಡಿ, ಕಷ್ಟ ಕೇಳಿ ಬರೆದುಕೊಳ್ಳುವ ಕೆಲಸ. ಮಾವ ಹಿಂದೆ ಅದೇ ಊರಲ್ಲಿ ಆರು ವರ್ಷ ಇದ್ದವರು. ಬಸ್ಸಿನಿಂದ ಕಾಲು ಕೆಳಗಿಟ್ಟಿದ್ದೇ ತಡ, "ದನದ ಡಾಕ್ಟ್ರು ಬಂದವ್ರೆ!" ಎಂದು ಸುದ್ದಿ ಹಬ್ಬಿತು. ಅರ್ಧ ಗಂಟೆಯಲ್ಲಿ ಜಗುಲಿಯ ಮುಂದೆ ಸಾಲು ನಿಂತಿತು. ಒಂಬತ್ತು ಜನ ಮುದುಕರು, ನಾಲ್ಕು ಜನ ಮುದುಕಿಯರು, ಮೂರು ಕುರಿ, ಒಂದು ಎತ್ತು! ಹುಡುಗಿಯರು ಮನುಷ್ಯರನ್ನು ನೋಡುತ್ತಿದ್ದರೆ ಮಾವ ಸಾಲಿನ ಹಿಂದುಗಡೆಯಿಂದ ಶುರುಮಾಡಿಬಿಟ್ಟಿದ್ದರು.

"ಅಂಕಲ್, ಇಲ್ಲಿ ಬನ್ನಿ!"

"ಒಂದ್ನಿಮಿಷ ಸಿಸ್ಟರ್, ಇದಕ್ಕೆ ಹೊಟ್ಟೆ ಉಬ್ಬರ ಐತೆ. ಅವ್ರು ಕಾಯ್ತಾರೆ, ಇದು ಕಾಯಲ್ಲ."

ಕುರಿಯ ಹೊಟ್ಟೆ ಇಳಿದ ಮೇಲೆ ಮಾವ ಬಂದು ಮೇಜಿನ ಮುಂದೆ ಕೂತರು. ಎದುರಿಗೆ ಮಂಡಿನೋವಿನ ಒಬ್ಬ ಕುರಿಗಾಹಿ ಅಜ್ಜ. ನೋವು ಎಷ್ಟಿದೆ ಎಂದು ರೋಗಿಯ ಬಾಯಲ್ಲೇ ಹೇಳಿಸಬೇಕು, ಹತ್ತಕ್ಕೆ ಎಷ್ಟು ಎಂದು ಕೇಳಬೇಕು, ಇದು ಆ ವಾರದ ಪಾಠ.

"ಯಜಮಾನ್ರೇ, ನೋವು ಹತ್ತಕ್ಕೆ ಎಷ್ಟೈತೆ?"

"ಹತ್ತು ಅಂದ್ರೆ ಯಾವ್ದು ಸಾಮಿ?"

"ನಿಮ್ಮ ಜೀವಮಾನದಾಗೆ ಇದಕ್ಕಿಂತ ದೊಡ್ಡ ನೋವು ಇಲ್ಲ ಅಂತಾರಲ್ಲ, ಅದು ಹತ್ತು."

ಅಜ್ಜ ಆಕಾಶ ನೋಡಿ ಬಹಳ ಹೊತ್ತು ಯೋಚಿಸಿದ. "ನನ್ ತಮ್ಮ ಹೊಲದ ಬದು ಒತ್ತರಿಸ್ಕಂಡ್ನಲ್ಲ, ಅದು ಹತ್ತು. ನನ್ ಮಗಳ ಮದುವೇಲಿ ಬೀಗರು ಪಾಯಸ ಸರಿಯಿಲ್ಲ ಅಂದ್ರಲ್ಲ, ಅದು ಎಂಟು. ಮಂಡಿ ನೋವು ಬರ್ಕಳ್ರಿ, ಒಂದೂವರೆ."

ಮಾವ ನಿಷ್ಠೆಯಿಂದ ಮೂರನ್ನೂ ಬರೆದುಕೊಂಡರು. ಆ ಹಾಳೆಯನ್ನು ನೋಡಿದ ಸಿಸ್ಟರ್ ನಗಲಿಲ್ಲವಂತೆ. "ಇವತ್ತು ನೀವೊಬ್ಬರೇ ರೋಗಿಯ ಮಾತನ್ನ ಇದ್ದ ಹಾಗೆ ಬರೆದಿರೋದು," ಎಂದರಂತೆ. ಆ ಹೊಗಳಿಕೆ ಮಾವನ ತಲೆಗೆ ಏರಿತು. ಮಾರನೆಯ ದಿನ ಹೊಸ ಪೆನ್ನು ತಂದರು, ತಲೆಗೆ ಬಣ್ಣ ಹಚ್ಚಿಸಿಕೊಂಡರು. ಇನ್ನು ಪರೀಕ್ಷೆ ಗೆದ್ದಂತೆಯೇ ಎಂದುಕೊಂಡರು.

ಪರೀಕ್ಷೆಗೆ ಸುಳ್ಳು ರೋಗಿಗಳು ಬೇಕಾಗಿದ್ದರು. ಸಿಸ್ಟರ್ ಊರಿನ ಕೆಲವರನ್ನು ಕೇಳಿಕೊಂಡರು, ಅವರಲ್ಲಿ ನಾನೂ ಒಬ್ಬಳು. ನನಗೆ ಒಂದು ಚೀಟಿ ಕೊಟ್ಟರು. ಅದರಲ್ಲಿ, 'ನಿಮಗೆ ಮೂರು ದಿನದಿಂದ ತಲೆಸುತ್ತು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನೀವೇ ನಿಲ್ಲಿಸಿದ್ದೀರಿ. ಕೇಳಿದರೆ ಮಾತ್ರ ಹೇಳಬೇಕು' ಎಂದಿತ್ತು. ನನ್ನ ಗ್ರಹಚಾರಕ್ಕೆ ನನ್ನನ್ನು ಪರೀಕ್ಷಿಸಲು ಬಂದವರು ಮಾವನೇ!

ಬಂದರು. ಕುರ್ಚಿಯ ಸುತ್ತ ಒಂದು ಸಲ ತಿರುಗಿದರು. ಕಣ್ಣಿನ ರೆಪ್ಪೆ ಕೆಳಗೆಳೆದರು, ನಾಲಿಗೆ ನೋಡಿದರು, ನನ್ನ ಚಪ್ಪಲಿಯನ್ನು ಎತ್ತಿ ಅಡಿಭಾಗ ನೋಡಿದರು. ನಾಡಿ ಹಿಡಿದು ಒಂದು ನಿಮಿಷ ಎಣಿಸಿದರು. ಬಾಯಿಂದ ಒಂದೇ ಒಂದು ಪ್ರಶ್ನೆ ಬರಲಿಲ್ಲ. ನಾನು ತಲೆ ಹಿಡಿದುಕೊಂಡು ನರಳಿದೆ. ಕಣ್ಣಿನಲ್ಲೇ 'ಕೇಳಿ ಮಾವ, ಕೇಳಿ' ಅಂದೆ. ಅವರು ಅತ್ತ ತಿರುಗಿ ಸಿಸ್ಟರಿಗೆ ವರದಿ ಒಪ್ಪಿಸಿದರು.

"ಎಡ ಮೊಣಕಾಲು ನೋವೈತೆ, ಎರಡ್ಮೂರು ತಿಂಗಳಾಗಿರ್ಬೇಕು, ಚಪ್ಪಲಿ ಒಂದೇ ಕಡೆ ಸವೆದೈತೆ. ರಕ್ತ ಕಮ್ಮಿ. ಇವತ್ತು ತಿಂಡಿ ತಿಂದಿಲ್ಲ."

ಮೂರೂ ನಿಜ! ಮೊಣಕಾಲಿನ ವಿಷಯ ನಾನು ನಮ್ಮಮ್ಮನಿಗೂ ಹೇಳಿರಲಿಲ್ಲ.

"ತಲೆಸುತ್ತು?" ಕೇಳಿದರು ಸಿಸ್ಟರ್.

"ಎಲ್ಲೈತೆ ತಲೆಸುತ್ತು? ಅದು ಸುಳ್ಳು. ನಮ್ಮ ಹುಡುಗಿ, ನಂಗೊತ್ತಿಲ್ವಾ?"

"ಮಾತ್ರೆ ನಿಲ್ಲಿಸಿದ್ದಾರಾ ಅಂತ ಕೇಳಿದ್ರಾ?"

"ಕೇಳಿದ್ರೆ ನಿಜ ಹೇಳ್ತಾರಾ ಸಿಸ್ಟರ್, ಮನುಷ್ಯರು?"

ಸಿಸ್ಟರ್ ಕೆಂಪು ಪೆನ್ನು ತೆಗೆದು ಅವರನ್ನು ಫೇಲು ಮಾಡಿದರು. ಹದಿನೇಳು ಹುಡುಗಿಯರೂ ಪಾಸು, ಮಾವ ಒಬ್ಬರೇ ಫೇಲು. ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಪರೀಕ್ಷೆ, ಅದರಲ್ಲೂ ಆಗದಿದ್ದರೆ ಸರ್ಟಿಫಿಕೇಟು ಇಲ್ಲ. ಬಾಗಿಲವರೆಗೆ ಬಂದ ಸಿಸ್ಟರ್ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. "ಅಂಕಲ್, ನಿಮ್ಮ ಕಣ್ಣು ನನಗಿಲ್ಲ. ಆದ್ರೆ ನೀವು ಕೇಳಲ್ಲ. ಕೇಳದೆ ಇದ್ರೆ ನಿಮಗೆ ಕಾಯಿಲೆ ಸಿಗುತ್ತೆ, ಮನುಷ್ಯ ಸಿಗಲ್ಲ. ಒಂದು ಪ್ರಶ್ನೆ ಕೇಳಿ. ಆಮೇಲೆ ಬಾಯಿ ಮುಚ್ಕೊಂಡು ಕಾಯಿರಿ. ಅವರು ನಿಲ್ಲಿಸಿದ್ರೆ 'ಮತ್ತೆ?' ಅನ್ನಿ. ಅಷ್ಟು ಸಾಕು."

ಮನೆಯ ಹತ್ತಿರ ಬಂದಾಗ ಮಾವ, "ನಿಂಗೆ ಮೊಣಕಾಲು ನೋವು ಇತ್ತು ತಾನೇ?" ಎಂದು ಕೇಳಿದರು. ಹೌದು ಎಂದೆ. "ಮತ್ತೆ ಫೇಲು ಯಾಕೆ ಮಾಡಿದ್ರವ್ವ?" ಎಂದರು. ಆ ಮುಖ ನೋಡಿ ನನಗೆ ನಗು ಬರಲಿಲ್ಲ. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲವಂತೆ. ಅತ್ತೆ ಕೂಡ ಆ ಎರಡು ದಿನ ಬಾಯಿ ಬಿಗಿಹಿಡಿದಿದ್ದರು ಎಂದರೆ ನೀವೇ ಊಹಿಸಿ.

ಮೂರನೆಯ ದಿನ ಮಾವ ಎದ್ದು ಕೂತರು. ಕಂಡಕಂಡವರನ್ನು ಕೇಳತೊಡಗಿದರು! ಪತ್ರ ಕೊಡಲು ಬಂದ ಪೋಸ್ಟ್‌ಮನ್‌ನನ್ನು "ಹೆಂಗಿದೀಯಪ್ಪ?" ಎಂದು ಕೇಳಿದರು. ಅವನು "ಚೆನ್ನಾಗಿದೀನಿ" ಎಂದ. ಮಾವ ಸುಮ್ಮನೆ ಕಾದರು. "ಮತ್ತೆ?" ಎಂದರು. ಪಾಪ, ಆ ಮನುಷ್ಯನಿಗೆ ಎಷ್ಟು ವರ್ಷದಿಂದ ಯಾರೂ 'ಮತ್ತೆ' ಅಂದಿರಲಿಲ್ಲವೋ ಏನೋ! ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಜಗುಲಿಯ ಮೇಲೆ ಕುಂತವನು ಅಸಿಡಿಟಿಯಿಂದ ಶುರುಮಾಡಿ, ಭಾವಮೈದುನನ ದುರಹಂಕಾರದವರೆಗೆ ಹೋಗಿ, ಹೆಂಡತಿ ಮಾತು ಬಿಟ್ಟು ಹನ್ನೊಂದು ದಿನವಾದ ಸಂಗತಿಗೆ ಬಂದು ಕಣ್ಣೊರೆಸಿಕೊಂಡ. ಆ ದಿನ ನಮ್ಮ ಬೀದಿಯಿಂದಾಚೆ ಯಾರಿಗೂ ಹೊತ್ತಿಗೆ ಸರಿಯಾಗಿ ಪತ್ರ ಸಿಗಲಿಲ್ಲ. ಸೊಪ್ಪಿನವಳು ಬಂದರೆ ಸೊಪ್ಪು ಬಾಡುವವರೆಗೆ ಮಾತು. ಮಗ ಬಂದಾಗ ಅವನನ್ನೂ ಬಿಡಲಿಲ್ಲ. "ಅಪ್ಪಾ, ನಿಮ್ದು ಲೈನ್ ಆಫ್ ಮಾಡ್ಕಳ್ರಿ ಸ್ವಲ್ಪ," ಎಂದು ಅವನು ಸಂಜೆಯ ಬಸ್ಸು ಬಿಟ್ಟು ಮಧ್ಯಾಹ್ನದ ಬಸ್ಸಿಗೇ ಹೋದ.

ಎರಡನೆಯ ಪರೀಕ್ಷೆಗೆ ಸಿಸ್ಟರ್ ತಾವೇ ರೋಗಿಯಾದರು. ಹುಡುಗಿಯರು ಹತ್ತು ನಿಮಿಷದಲ್ಲಿ ಮುಗಿಸಿದ್ದನ್ನು ಮಾವ ಐವತ್ತು ನಿಮಿಷ ಮಾಡಿದರು. ಹೊರಗೆ ಬಂದ ಸಿಸ್ಟರ ಕಣ್ಣು ಕೆಂಪಾಗಿತ್ತು. "ಚೀಟಿಯಲ್ಲಿ ಇಲ್ಲದ್ದನ್ನೂ ನನ್ನ ಬಾಯಿಂದ ಹೊರಡಿಸಿಬಿಟ್ರು ನಿಮ್ಮ ಮಾವ," ಎಂದು ಹೊರಗೆ ಕಾಯುತ್ತಿದ್ದ ನನಗೆ ಹೇಳಿದರು. ಮಾವ ಪಾಸು!

ಮೊದಲ ಕೆಲಸ ಕೋಟೆ ಬೀದಿಯ ಕಡೆಯ ಒಬ್ಬ ಸಾಹೇಬರ ಮನೆಯಲ್ಲಿ. ತಲೆಮಾರುಗಳಿಂದ ಹೊಲಿಗೆಯ ಕಸುಬಿನವರು. ಊರಿನ ಅರ್ಧ ಮದುವೆ ಗಂಡುಗಳ ಕೋಟು ಅವರದೇ ಕೈಯದು. ನನ್ನ ಶಾಲೆಯ ಮೊದಲ ಲಂಗವೂ ಅವರದೇ. ಎರಡು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿ, ಮಾತೂ ನಿಂತಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಊಟ ಬಿಡುತ್ತಾ ಬಂದಿದ್ದರು. ಹೇಗೂ ನಿನ್ನ ಅಕ್ಷರ ಚೆನ್ನಾಗಿದೆ, ರೋಗಿಯ ವಿವರದ ಫಾರಂ ತುಂಬಿಕೊಡು ಎಂದು ಮಾವ ನನ್ನನ್ನೂ ಕರೆದುಕೊಂಡು ಹೋದರು.

ಸೊಸೆ ಬಾಗಿಲಲ್ಲೇ ಕಷ್ಟ ಹೇಳಿಕೊಂಡಳು. "ಬರ್ರಿ, ಕುಂತ್ಕಳ್ರಿ. ಏನ್ ಮಾಡ್ಲಿ ಹೇಳ್ರಿ, ನಮ್ ಅಬ್ಬಾ ನಾಲ್ಕ್ ದಿನದಿಂದ ನೀರೂ ಸರಿಯಾಗಿ ಕುಡಿಯಲ್ಲ. ನಾನು ಲೋಟ ಹಿಡಿದ್ರೆ ಮುಖ ತಿರುಗಿಸ್ತಾರೆ. ನನ್ ಮ್ಯಾಲೆ ಏನೋ ಗುಸ್ಸಾ ಅವ್ರಿಗೆ. ನಾನ್ ಏನ್ ತಪ್ಪು ಮಾಡ್ದೆ ಅಂತಾನೇ ಗೊತ್ತಿಲ್ಲ."

ಮಾವ ಮಂಚದ ಹತ್ತಿರ ಕುಳಿತು ತಮ್ಮ ಹೆಸರು ಹೇಳಿ, ಮುಟ್ಟಲು ಅನುಮತಿ ಕೇಳಿದರು. ಸಾಹೇಬರು ಕಣ್ಣು ಮುಚ್ಚಿ ತೆರೆದರು. ನಾಡಿ ಓಡುತ್ತಿತ್ತು, ನಾಲಿಗೆ ಒಣಗಿ ಬಿರುಕು ಬಿಟ್ಟಿತ್ತು, ಚರ್ಮ ಚಿವುಟಿದರೆ ಹಾಗೇ ನಿಲ್ಲುತ್ತಿತ್ತು. ಹಿಂದಿನ ಮಾವನಾಗಿದ್ದರೆ ಅಲ್ಲಿಗೇ ಎದ್ದು ವರದಿ ಒಪ್ಪಿಸುತ್ತಿದ್ದರು. ಇವರು ಸಾಹೇಬರ ಎಡಗೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡರು.

"ಸಾಹೇಬ್ರೇ, ನಾನ್ ಕೇಳ್ತೀನಿ. ಹೌದು ಅಂದ್ರೆ ಕೈ ಒತ್ರಿ. ಅಲ್ಲ ಅಂದ್ರೆ ಸುಮ್ನಿರ್ರಿ. ಗಂಟಲು ನೋಯ್ತದಾ?"

ಕೈ ಸುಮ್ಮನಿತ್ತು.

"ನುಂಗಕ್ಕೆ ಕಷ್ಟಾನಾ? ಕೆಮ್ಮು ಬರ್ತೈತಾ?"

ಇಲ್ಲ.

"ಸೊಸೆ ಮ್ಯಾಲೆ ಸಿಟ್ಟಾ?"

ಕೈ ಅಲುಗಲಿಲ್ಲ. ಆದರೆ ಸಾಹೇಬರ ಕಣ್ಣಲ್ಲಿ ನೀರು ತುಂಬಿತು. ಮಾವ ನಮ್ಮಿಬ್ಬರನ್ನೂ ನೋಡಿ ಹೊರಗೆ ಹೋಗಿರಿ ಎಂದು ತಲೆಯಾಡಿಸಿದರು. ನಾವು ಪರದೆಯ ಆಚೆ ನಿಂತೆವು. ಪರದೆಗೆ ಮಾತನ್ನು ತಡೆಯುವ ಶಕ್ತಿ ಎಲ್ಲಿದೆ?

"ನೀರು ಕುಡಿದ್ರೆ ಮತ್ತೆ ಮತ್ತೆ ಮೂತ್ರಕ್ಕೆ ಹೋಗ್ಬೇಕಾಗ್ತೈತೆ ಅಂತ ಕುಡೀತಾ ಇಲ್ವಾ?" ಸ್ವಲ್ಪ ಹೊತ್ತು ಮಾವ ಕಾದರು. ಆಮೇಲೆ ಅವರ ದನಿ ತಗ್ಗಿತು. "ಆ ಹೆಣ್ಮಗಳ ಕೈಲಿ ಅದನ್ನೆಲ್ಲ ಮಾಡಿಸ್ಕಳ್ಳಕ್ಕೆ ನಾಚಿಕೆನಾ ಸಾಹೇಬ್ರೇ?"

ಸಾಹೇಬರು ಎಷ್ಟು ಬಲವಾಗಿ ಒತ್ತಿದರೆಂದರೆ ಬೆರಳು ಮುರಿದೇಹೋಯಿತು ಅನ್ನಿಸಿತು ಎಂದು ಮಾವ ಆಮೇಲೆ ಹೇಳಿದರು. "ಹೌದಾ ಸಾಹೇಬ್ರೇ," ಎಂದ ಮಾವನ ಮಾತು ಕೇಳಿದ್ದೇ ಪರದೆಯ ಈಚೆ ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನನ್ ಮ್ಯಾಲೆ ಗುಸ್ಸಾ ಅಲ್ಲ," ಎಂದಳು, "ನನ್ ಮ್ಯಾಲೆ ಅಲ್ಲ."

ಡಾಕ್ಟರಿಗೆ ಅಲ್ಲಿಂದಲೇ ಫೋನು ಹೋಯಿತು. ಬೆಳಗ್ಗೆ ಮತ್ತು ಸಂಜೆ ಆ ಕೆಲಸವನ್ನೆಲ್ಲ ಮಾವ ಮಾಡುವುದು, ಮಧ್ಯಾಹ್ನ ಸಾಹೇಬರ ಮಗ ಅಂಗಡಿಯಿಂದ ಬಂದು ಮಾಡುವುದು ಎಂದು ಏರ್ಪಾಡಾಯಿತು. "ಇನ್ನು ಧೈರ್ಯವಾಗಿ ಕುಡೀರಿ," ಎಂದು ಮಾವ ಎಬ್ಬಿಸಿ ಕೂರಿಸಿ, ಚಮಚದಿಂದ ಒಂದೊಂದೇ ಗುಟುಕು ಕುಡಿಸಿದರು. ಲೋಟ ಖಾಲಿಯಾಗಲು ಮುಕ್ಕಾಲು ಗಂಟೆ ಹಿಡಿಯಿತು. ಹದಿನೈದು ದಿನಗಳಲ್ಲಿ ಸಾಹೇಬರ ಮುಖಕ್ಕೆ ಕಳೆ ಬಂತು. ಕಳೆ ಬಂದದ್ದು ಹೇಗೆ ಗೊತ್ತಾಯಿತು ಅಂತೀರಾ? ಒಂದು ಬೆಳಗ್ಗೆ ಎಡಗೈ ಎತ್ತಿ ಮಾವನ ಅಂಗಿಯ ಹೆಗಲನ್ನು ಹಿಡಿದೆಳೆದು, ಹೊಲಿಗೆ ಸರಿಯಿಲ್ಲ ಎಂದು ಮುಖ ಸಿಂಡರಿಸಿದರಂತೆ!

ಅದನ್ನು ನಮಗೆ ಹೇಳಿ ನಗುತ್ತಿದ್ದ ಸಂಜೆಯೇ ಇದು ನಡೆದದ್ದು. ನಾನು ಅತ್ತೆಯ ಮನೆಯ ಪಡಸಾಲೆಯಲ್ಲಿ ಅವರ ಜೊತೆ ಅವರೆಕಾಯಿ ಸುಲಿಯುತ್ತಿದ್ದೆ. ನಗು ನಿಂತ ಮೇಲೆ ಮಾವ ಚೀಲದಿಂದ ಒಂದು ಹೊಸ ಫಾರಂ ತೆಗೆದರು.

"ಬಾ ಇಲ್ಲಿ, ಕುಂತ್ಕ," ಎಂದರು ಅತ್ತೆಗೆ.

"ಬಿಪಿ ಬೆಳಗ್ಗೆ ನೋಡಿದ್ರಲ್ಲ, ಸಂಜೆಗೇನು ಗಗನಕ್ಕೆ ಏರಿಲ್ಲ ಬಿಡ್ರಿ."

"ಬಿಪಿ ಅಲ್ಲ. ನಿಂದು ಪೂರ್ತಿ ಒಂದ್ಸಲ ಬರ್ಕಂಡೇ ಇಲ್ಲ ನಾನು."

"ಊರೆಲ್ಲ ಮುಗೀತು, ಈಗ ನಾನು ನೆನಪಾದ್ನಾ?" ಎನ್ನುತ್ತಲೇ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಎದುರು ಕೂತರು. ಹೆಸರು, ವಯಸ್ಸು. ವಯಸ್ಸಿನಲ್ಲಿ ನಾಲ್ಕು ವರ್ಷ ಕಡಿಮೆ ಹೇಳಿ ಸಿಕ್ಕಿಬಿದ್ದರು. ಹಸಿವು ಹೇಗೆ, ನಿದ್ದೆ ಹೇಗೆ. ಪ್ರತಿಯೊಂದಕ್ಕೂ ಅತ್ತೆಯ ಒಂದೊಂದು ಕುಟುಕು, ಮಾವ ಅದನ್ನೂ ಬರೆದುಕೊಳ್ಳುವುದು, ನಾನು ನಗುವುದು. ಆಪರೇಷನ್ ಆಗಿದೆಯೇ ಎಂಬುದಕ್ಕೆ ಇಲ್ಲ ಎಂದು ಬರೆದು, ಮುಂದಿನ ಸಾಲನ್ನು ಕೇಳದೆ ಮಾವ ತಾವೇ ತುಂಬಿದರು.

"ಏನ್ ಬರ್ದ್ರಿ?" ಎಂದರು ಅತ್ತೆ.

"ಹೆರಿಗೆ ಎಷ್ಟು ಅಂತೈತೆ. ಒಂದು ಅಂ‍ತ ಬರ್ದೆ."

ಅತ್ತೆ ಕೈಯಲ್ಲಿದ್ದ ಅವರೆಕಾಯಿಯನ್ನು ಬುಟ್ಟಿಗೆ ಹಾಕಿದರು.

"ಎರಡು ಅಂತ ಬರೀರಿ."

ನಾನು ನಗಲು ಬಾಯಿ ತೆರೆದವಳು ಹಾಗೇ ಉಳಿದೆ. ನನಗೆ ಈ ವಿಷಯ ಗೊತ್ತೇ ಇರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಒಂದು ದಿನವೂ ಎತ್ತಿದವರಲ್ಲ. ಮಾವ ಫಾರಂ ನೋಡುತ್ತಲೇ ಇದ್ದರು.

"ನಾನು ನಿನ್ ತವರಿಗೆ ಬರೋ ಹೊತ್ಗೆ ಎಲ್ಲ ಮುಗಿದಿತ್ತು," ಎಂದರು. "ಕಾಲುಬಾಯಿ ಜ್ವರ ಹಬ್ಬಿತ್ತು, ಹಳ್ಳಿ ಬಿಟ್ಟು ಬರಕ್ಕಾಗ್ಲಿಲ್ಲ. ಅದರ ಮಾತು ಎತ್ಬ್ಯಾಡ, ಅವಳು ಅಳ್ತಾಳೆ ಅಂತ ನಿಮ್ಮಮ್ಮ ಹೇಳಿದ್ರು. ಅದಕ್ಕೇ ನಾನು…"

"ನಿಮಗೆ ನೆನಪೇ ಇಲ್ಲ ಅನ್ಕಂಡಿದ್ದೆ," ಎಂದರು ಅತ್ತೆ. ಆ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ ಸುಮಾರು ದಿನ ಕಾದೆ. ಆಮೇಲೆ ಮಗ ಹುಟ್ಟಿದ. ಬಿಟ್ಟೆ."

ಮಾವ 'ಒಂದು' ಎಂಬುದನ್ನು ಹೊಡೆದುಹಾಕಿ 'ಎರಡು' ಎಂದು ಬರೆದರು. ಪೆನ್ನು ಕೆಳಗಿಡಲಿಲ್ಲ.

"ಹೆಸರು ಇಟ್ಟಿರ್ಲಿಲ್ಲ, ಅಲ್ವಾ?"

"ನೀವು ಇಟ್ಟಿರ್ಲಿಲ್ಲ. ಎರಡು ದಿನ ನನ್ ಪಕ್ಕದಾಗೆ ಮಲಗಿತ್ತು, ಹೆಸರಿಲ್ದೆ ಹೆಂಗೆ ಕರೀಲಿ? ಸುಜಾತ ಅಂತ ಇಟ್ಟಿದ್ದೆ."

ಸುಜಾತ ಎಂದು ಬರೆಯಲು ಫಾರಂನಲ್ಲಿ ಜಾಗವಿರಲಿಲ್ಲ. ಮಾವ ಹಾಳೆಯನ್ನು ಅಡ್ಡ ತಿರುಗಿಸಿ ಅಂಚಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದರು. ಆಮೇಲೆ ತಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೇಳಿದರು.

"ಯಾರ ಥರ ಇತ್ತು?"

ನಾನು ಆ ಫಾರಂ ಎಷ್ಟೋ ಸಲ ತುಂಬಿದ್ದೇನೆ. ಅಂಥ ಪ್ರಶ್ನೆ ಅದರಲ್ಲಿ ಇಲ್ಲ. ನಾನು ಮೆಲ್ಲಗೆ ಎದ್ದು ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಿಲ ಬಾಗಿಲ ಕಡೆ ಹೊರಟೆ. ಅತ್ತೆ ಮೂಗು ಒರೆಸಿಕೊಳ್ಳುವುದು ಕೇಳಿಸಿತು, ಮತ್ತೆ ಅವರ ನಗು.

"ಮೂಗು ನಿಮ್ದೇ ರೀ," ಎನ್ನುತ್ತಿದ್ದರು. "ಹಾಲು ತಡ ಆದ್ರೆ ಥೇಟ್ ನಿಮ್ಮಂಗೇ ಅರಳಿಸ್ತಿತ್ತು."